ಕಾಲೇಜ್ ಈಜು ರಿಕ್ರೂಟಿಂಗ್: ಕೋಚ್ ಹೇಗೆ, ಟೀಮ್ ಹೇಗೆ ಅಂತ ತಿಳ್ಕೊಳ್ಳೋದು ಹೆಂಗೆ? (ಪ್ರಶ್ನೋತ್ತರ)

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮೇಡಂ ಅಮೆರಿಕದಲ್ಲಿ ಕಾಲೇಜ್ ಟೀಮ್‌ಗಳಿಗೆ ಅಸಿಸ್ಟೆಂಟ್ ಕೋಚ್ ಆಗಿದ್ದವರು, ಮೊದಲು ಡಿವಿಷನ್ ಒನ್ (ಕಾಲೇಜ್ ಕ್ರೀಡೆಯ ಮೇಲಿನ ಹಂತ), ಈಗ ಡಿವಿಷನ್ ತ್ರೀ (ಆಟಕ್ಕೆ ಸ್ಕಾಲರ್‌ಶಿಪ್ ಕೊಡದ ಹಂತ). ಇವತ್ತು ಎರಡು ಗಂಟೆ ನಮ್ಮ ಜೊತೆ ಇರ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ ದಯವಿಟ್ಟು.

ಜಯನಗರ ಅಪ್ಪ: ಮೇಡಂ ನಮಸ್ತೆ. ಮಗ 11ನೇ ಕ್ಲಾಸ್, 100 ಫ್ರೀಸ್ಟೈಲ್ 53.5 ಸೆಕೆಂಡ್, ಲಾಂಗ್ ಕೋರ್ಸ್ (50 ಮೀಟರ್ ಪೂಲ್). ಫುಲ್ ಸ್ಕಾಲರ್‌ಶಿಪ್ ಸಿಗುತ್ತಾ?

ಕೋಚ್ ಮೇಡಂ: ನಮಸ್ತೆ ಸರ್. ಇಲ್ಲಿ ಕಾಲೇಜ್ ಸೀಸನ್ 25 ಗಜದ ಪೂಲಲ್ಲಿ ನಡಿಯೋದು, ಅವನ 53.5 ಇಲ್ಲಿ ಹತ್ತಿರಹತ್ತಿರ 47 ಆಗುತ್ತೆ. ದೊಡ್ಡ ಡಿವಿಷನ್ ಒನ್ ಟೀಮಿಗೆ ಸಾಲಲ್ಲ, ಸಣ್ಣವು ನೋಡಬಹುದು. ಫುಲ್ ಅನ್ನೋದು ಈಜಲ್ಲಿ ಮೊದಲಿಂದಲೂ ಅಪರೂಪ, 2025ರ ಜುಲೈ ತನಕ ಡಿವಿಷನ್ ಒನ್ ಹುಡುಗರ ಟೀಮಿಗೆ ಒಟ್ಟು 9.9 ಫುಲ್ ಸ್ಕಾಲರ್‌ಶಿಪ್‌ನಷ್ಟು ಹಣ, ಹುಡುಗಿಯರಿಗೆ 14ರಷ್ಟು, ಅದನ್ನೇ ಎಲ್ರಿಗೂ ಚೂರುಚೂರು ಹಂಚ್ತಿದ್ರು. ಈಗ ಆಟಗಾರರು ಹಾಕಿದ್ದ ಕೇಸಿನ ಕೋರ್ಟ್ ಸೆಟಲ್‌ಮೆಂಟ್‌ಗೆ ಸೇರಿರೋ ಕಾಲೇಜುಗಳಲ್ಲಿ ಆ ಮಿತಿ ಇಲ್ಲ, ಬದಲಿಗೆ ಟೀಮಲ್ಲಿ 30 ಜನಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ, ಎಸ್‌ಇಸಿ ಕಾನ್ಫರೆನ್ಸಂತೂ (ದಕ್ಷಿಣದ ದೊಡ್ಡ ಕಾಲೇಜುಗಳ ಗುಂಪು) ಹುಡುಗರಿಗೆ 22ಕ್ಕೇ ನಿಲ್ಸಿದೆ. ಹಾಗಾಗಿ ಎಷ್ಟು ಕೊಡ್ತೀರ ಅಂತ ಕೇಳೋಕೆ ಮುಂಚೆ, ಎರಡನೇ ವರ್ಷಕ್ಕೂ ಜಾಗ ಇರುತ್ತಾ, ಅದು ಬರವಣಿಗೆಯಲ್ಲಿ ಇದೆಯಾ ಅಂತ ಕೇಳಿ.

ಪ್ಲೇನೋ ಅಮ್ಮ: ಮಗಳು 9ನೇ ಕ್ಲಾಸ್. ನಾಲ್ಕು ಕೋಚ್‌ಗಳಿಗೆ ಮೇಲ್ ಹಾಕಿದ್ವಿ, ಒಬ್ರೂ ರಿಪ್ಲೈ ಮಾಡಿಲ್ಲ. ಇಷ್ಟ ಇಲ್ಲ ಅಂತನಾ?

ಕೋಚ್ ಮೇಡಂ: ಹಾಗೇನಿಲ್ಲ. 10ನೇ ಕ್ಲಾಸ್ ಮುಗಿದ ವರ್ಷ ಜೂನ್ 15ರ ತನಕ ಡಿವಿಷನ್ ಒನ್ ಕೋಚ್ ಉತ್ತರ ಕೊಡೋ ಹಾಗೇ ಇಲ್ಲ. ಅಫಿಷಿಯಲ್ ವಿಸಿಟ್ (ಕಾಲೇಜ್ ಖರ್ಚಲ್ಲಿ ಹೋಗಿ ನೋಡೋದು) ಆ ಆಗಸ್ಟ್ 1ರಿಂದ.

ಎಡಿಸನ್ ಅಂಕಲ್: *ಫಾರ್ವರ್ಡ್ ಆಗಿದ್ದು* 🏊🏊 ಒಂದೇ ಟೆಂಪ್ಲೇಟ್ 200 ಕೋಚ್‌ಗಳಿಗೆ ಕಳಿಸಿ, 10 ಆಫರ್ ಗ್ಯಾರಂಟಿ!! ಜೊತೆಗೆ ದಿನಾ ಬೆಳಿಗ್ಗೆ ಬರೀ ಹೊಟ್ಟೆಗೆ ಬೀಟ್‌ರೂಟ್ ರಸದಲ್ಲಿ ಸ್ಟ್ಯಾಮಿನಾ ಚೂರ್ಣ, 21 ದಿನದಲ್ಲಿ 2 ಸೆಕೆಂಡ್ ಇಳಿಯುತ್ತೆ!!

ಕೋಚ್ ಮೇಡಂ: ಅಂಕಲ್, ಆ ಟೆಂಪ್ಲೇಟ್ ನನ್ನ ಇನ್‌ಬಾಕ್ಸಿಗೂ ಬರುತ್ತೆ, ಬೇರೆ ಕಾಲೇಜಿನ ಹೆಸರು ಅಳಿಸೋಕೂ ಮರ್ತಿರ್ತಾರೆ. ಬೀಟ್‌ರೂಟ್ ಕುಡೀರಿ, ಪರವಾಗಿಲ್ಲ. ಆದ್ರೆ ಒಳಗೆ ಏನಿದೆ ಅಂತ ಲ್ಯಾಬ್ ಟೆಸ್ಟ್ ಆಗದೆ ಇರೋ ಪುಡಿ ಮಕ್ಕಳಿಗೆ ಕೊಡಬೇಡಿ. ಡೋಪ್ ಟೆಸ್ಟಲ್ಲಿ ಸಿಕ್ಕಿಬಿದ್ರೆ "ಅಂಕಲ್ ಫಾರ್ವರ್ಡ್ ಮಾಡಿದ್ರು" ಅಂದ್ರೆ ಯಾರೂ ಕೇಳಲ್ಲ, ಒಂದು ಇಡೀ ವರ್ಷ ಹೋಗುತ್ತೆ.

ಎಡಿಸನ್ ಅಂಕಲ್: ನ್ಯಾಚುರಲ್ ಮೇಡಂ ಅದು 🙏

ಮೈಸೂರು ತಾತ: ಮೊಮ್ಮಗಳು ಓಹಾಯೋ ಕಡೆ ಹೋಗ್ತಾಳೆ ಅಂತಿದ್ದಾಳೆ. ಹಾಸ್ಟೆಲಲ್ಲಿ ಅನ್ನ ಸಾರು ಸಿಗುತ್ತೇನಮ್ಮಾ? ಮಗು ಮೊಟ್ಟೆನೂ ತಿನ್ನಲ್ಲ.

ಫ್ರೀಮಾಂಟ್ ಅಮ್ಮ: ಮೇಡಂ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಮಗಳು 11ನೇ ಕ್ಲಾಸ್, 200 ಫ್ಲೈ (ಬಟರ್‌ಫ್ಲೈ) 2:01, 400 ಐಎಮ್ (ನಾಲ್ಕೂ ಶೈಲಿ ಸೇರಿಸಿ ಈಜೋದು) 4:20, ಗಜದಲ್ಲೇ. ಹೋದ ವಾರ ಒಂದು ಡಿವಿಷನ್ ಒನ್ ಟೀಮಿಗೆ ಅಫಿಷಿಯಲ್ ವಿಸಿಟ್ ಹೋಗಿದ್ಲು. ಪೂಲ್ ಹೊಸದು, ಗೋಡೆ ತುಂಬ ರೆಕಾರ್ಡ್ ಬೋರ್ಡ್, ಕೋಚ್ ಮಾತಾಡಿದ್ರೆ ಮೋಡಿ ಹಾಕಿದ ಹಾಗೆ. ಶುಕ್ರವಾರದೊಳಗೆ ಹೂಂ ಅನ್ನಬೇಕು, ಇಲ್ಲಾಂದ್ರೆ ಜಾಗ ಬೇರೆಯವರಿಗೆ ಅಂದ್ರಂತೆ. ಆದ್ರೆ ಲಾಕರ್ ರೂಮಲ್ಲಿ ಪ್ರತಿ ಸೋಮವಾರದ ತೂಕದ ಪಟ್ಟಿ ಅಂಟಿಸಿದ್ರಂತೆ, ಹೆಸರಿನ ಸಮೇತ. ಇವಳಿಗೆ ಭುಜ ಸ್ವಲ್ಪ ನೋವಿದೆ, ಇಲ್ಲಿ ಭುಜ ನೋವು ಬಂದ್ರೆ ಏನ್ಮಾಡ್ತೀರ ಅಂತ ಜೊತೆಲಿದ್ದ ಹುಡುಗೀನ ಕೇಳಿದ್ರೆ ಅವಳು ಇನ್ನೊಬ್ಬಳ ಮುಖ ನೋಡಿ ಪಿಜ್ಜಾ ತಿನ್ನೋಣ ಬಾ ಅಂದ್ಲಂತೆ. ನಮ್ಮನೆಯವರು ಅದು ಶಿಸ್ತು, ನಾವೂ ಏಟು ತಿಂದೇ ಓದಿದ್ದು ಅಂತಾರೆ. ನಂಗೆ ನಿದ್ದೆ ಬರ್ತಿಲ್ಲ.

ಕೋಚ್ ಮೇಡಂ: ಅಕ್ಕಾ, ಮೊದಲು ಶುಕ್ರವಾರದ ವಿಷಯ ಬಿಡಿ. ಬಾಯಿಮಾತಲ್ಲಿ ಕಮಿಟ್ ಆಗೋದಕ್ಕೆ ಎರಡೂ ಕಡೆ ಕಟ್ಟುಪಾಡಿಲ್ಲ, ಸಹಿ ಹಾಕಿದ್ರೆ ಆ ಕಾಲೇಜಿಗೇ ಹೋಗ್ಬೇಕು ಅನ್ನೋ ಹಳೇ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರಲ್ಲೇ ಹೋಯ್ತು, ಈಗ ಏನಿದ್ರೂ ಹಣದ ಅಗ್ರಿಮೆಂಟ್. ಎರಡು ವಾರ ಟೈಮ್ ಕೊಡಿ ಅಂತ ಮಗಳೇ ಫೋನ್ ಮಾಡಿ ಕೇಳ್ಲಿ, ನೀವು ಬೇಡ. ಆಗ ಕೋಚ್ ದನಿ ಹೇಗೆ ಬದಲಾಗುತ್ತೆ ಅಂತ ಕೇಳಿಸ್ಕೊಳ್ಳಿ.

ಆ ರೆಕಾರ್ಡ್ ಬೋರ್ಡ್ ನೋಡಿ ಮರುಳಾಗಬೇಡಿ, ಅದರಲ್ಲಿರೋರು ಅರ್ಧ ಜನ ಬರ್ತಾನೇ ಫಾಸ್ಟ್ ಆಗಿ ಬಂದಿರ್ತಾರೆ, ಕೋಚ್ ಕಲಿಸಿದ್ದು ಏನು ಅನ್ನೋದು ಅಲ್ಲಿ ಕಾಣಲ್ಲ. ಟೀಮ್ ವೆಬ್‌ಸೈಟಲ್ಲಿ ಮೂರು ವರ್ಷದ ಹಳೇ ರೋಸ್ಟರ್ (ಟೀಮಿನ ಹೆಸರುಪಟ್ಟಿ) ತೆಗೀರಿ, ಮೊದಲ ವರ್ಷದವರ ಹೆಸರೆಲ್ಲ ಒಂದು ಹಾಳೆ ಮೇಲೆ ಬರ್ಕೊಳ್ಳಿ, ಈಗಿನ ರೋಸ್ಟರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸಿ. ಒಬ್ರಿಬ್ರು ಬಿಡ್ತಾರೆ, ಓದು ಜಾಸ್ತಿ ಆಯ್ತು, ಗಾಯ ಆಯ್ತು, ಅದು ಇದ್ದಿದ್ದೇ. ಅರ್ಧ ಬ್ಯಾಚೇ ಇಲ್ಲ ಅಂದ್ರೆ ಅದು ಬೇರೆ ಕಥೆ. ಆಮೇಲೆ ಈಜುಗಾರರ ಟೈಮ್ ಹಾಕೋ ಸ್ವಿಮ್‌ಕ್ಲೌಡ್ ವೆಬ್‌ಸೈಟಲ್ಲಿ ಫ್ಲೈ, ಐಎಮ್ ಈಜೋ ಹುಡುಗಿಯರ ಹೈಸ್ಕೂಲ್ ಬೆಸ್ಟ್ ಟೈಮ್ ಪಕ್ಕದಲ್ಲಿ ಎರಡನೇ ವರ್ಷದ ಬೆಸ್ಟ್ ಇಟ್ಟು ನೋಡಿ. ನವೆಂಬರಲ್ಲಿ ಫಾಸ್ಟ್ ಇದ್ದು ಫೆಬ್ರವರಿ ಕಾನ್ಫರೆನ್ಸ್ ಮೀಟಲ್ಲಿ ಎಲ್ರೂ ಸೊರಗಿದ್ರೆ ಏನೋ ಸರಿಯಿಲ್ಲ. ಕೋಚ್ ಹೆಸರನ್ನ ಸೇಫ್‌ಸ್ಪೋರ್ಟ್ ಡೇಟಾಬೇಸಲ್ಲೂ (ದುರ್ವರ್ತನೆಗೆ ಕ್ರಮ ಎದುರಿಸಿದವರ ಪಟ್ಟಿ) ಹಾಕಿ ನೋಡಿ, ಅಲ್ಲಿ ಇಲ್ಲ ಅಂದ ಮಾತ್ರಕ್ಕೆ ಒಳ್ಳೆಯವರು ಅಂತ ಅರ್ಥ ಅಲ್ಲ. ಭುಜ ನೋವಿದ್ರೆ ನೀರಿಗೆ ಇಳೀಬೇಕಾ ಬೇಡ್ವಾ ಅಂತ ಹೇಳೋದು ಯಾರು, ಡಾಕ್ಟರ್, ಟ್ರೈನರಾ, ಕೋಚಾ, ಅದೂ ಕೇಳಿ. ವಾರಕ್ಕೆ 20 ಗಂಟೆ, ಒಂದು ದಿನ ರಜೆ ಅಂತ ರೂಲ್ ಇದೆ, ಆದ್ರೆ "ಆಪ್ಷನಲ್" ಪ್ರಾಕ್ಟೀಸಿಗೆ ಬರದಿದ್ರೆ ಏನಾಗುತ್ತೆ ಅನ್ನೋದು ಹುಡುಗಿಯರಿಗೇ ಗೊತ್ತು.

ತೂಕದ ಪಟ್ಟಿ ಬಗ್ಗೆ. ನಾನು ಮೊದಲು ಕೆಲಸ ಮಾಡಿದ ಟೀಮಲ್ಲೂ ಇದು ಇತ್ತು. ಹೆಡ್ ಕೋಚ್ ಮಿಷನ್ ಪಕ್ಕ ನಿಲ್ತಿದ್ರು, ನೋಟ್‌ಬುಕ್ ಹಿಡ್ಕೊಂಡು ಬರ್ಕೊಳ್ತಿದ್ದಿದ್ದು ನಾನು. ಒಬ್ಳು ಹುಡುಗಿಗೆ ಐದು ತಿಂಗಳು ಮುಟ್ಟು ನಿಂತಿತ್ತು, ಯಾರಿಗೂ ಹೇಳಿರ್ಲಿಲ್ಲ, ಆಮೇಲೆ ಕಾಲಿನ ಮೂಳೆ ಬಿರುಕು ಬಿಡ್ತು, ಈಜೋ ಹುಡುಗಿಗೆ. ನಾನು ಕೆಲಸ ಬಿಟ್ಟಿದ್ದು ಅದಾಗಿ ಒಂದು ವರ್ಷಕ್ಕೆ, ಅಷ್ಟು ತಡ ಯಾಕೆ ಮಾಡಿದೆ ಅಂತ ಈಗಲೂ ಉತ್ತರ ಇಲ್ಲ. ನಿಮ್ಮ ಯಜಮಾನರಿಗೆ ಇದನ್ನ ಓದಿಸಿ. ಟೀಮ್ ಬಿಟ್ಟುಹೋದ ಇಬ್ರನ್ನ ಹುಡುಕಿ ಮಗಳು ಮೆಸೇಜ್ ಮಾಡ್ಲಿ, ಇವತ್ತೇ.

ಆಸ್ಟಿನ್ ಅಪ್ಪ: ಮೇಡಂ ಗೌರವ ಇದೆ, ಆದ್ರೆ ಇದು ಸ್ವಲ್ಪ ಅತಿ ಆಯ್ತು. ಡಿವಿಷನ್ ಒನ್ ಅಂದ್ರೆ ಪ್ರೆಶರ್ ಇದ್ದೇ ಇರುತ್ತೆ. ಬೇಡ ಅನ್ನೋರು ಡಿವಿಷನ್ ತ್ರೀಗೆ ಹೋಗಿ ಪಿಕ್‌ನಿಕ್ ಮಾಡ್ಲಿ.

ಬಾಸ್ಟನ್ ಅಮ್ಮ: ಪಿಕ್‌ನಿಕ್ಕಾ? ಕೆನ್ಯನ್ ಕಾಲೇಜ್ ಹುಡುಗರು 1980ರಿಂದ 2010ರ ತನಕ ಸತತ 31 ಸಲ ಡಿವಿಷನ್ ತ್ರೀ ಗೆದ್ದಿದ್ದು ಪಿಕ್‌ನಿಕ್ ಮಾಡಿನಾ?

ಆಸ್ಟಿನ್ ಅಪ್ಪ: ಗೆದ್ದು ಏನ್ ಬಂತು, ಒಂದು ಡಾಲರ್ ಸ್ಕಾಲರ್‌ಶಿಪ್ ಇಲ್ಲ ಅಲ್ಲಿ.

ಬಾಸ್ಟನ್ ಅಮ್ಮ: ಈಜಿಗೆ ಇಲ್ಲ, ಮಾರ್ಕ್ಸಿಗೆ ಇದೆ. ಹಾರ್ವರ್ಡ್, ಯೇಲ್ ಇರೋ ಐವಿ ಲೀಗಲ್ಲೂ ಈಜಿಗೆ ಕೊಡಲ್ಲ, ಅದೂ ಪಿಕ್‌ನಿಕ್ ಅನ್ನಿ. ನಿಮ್ಮ ಡಿವಿಷನ್ ಒನ್ ಟೀಮ್ ನಾಳೆ ಇರುತ್ತೆ ಅಂತ ಏನ್ ಗ್ಯಾರಂಟಿ? ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ 2025ರ ಮಾರ್ಚಲ್ಲಿ ಈಜನ್ನೇ ಮುಚ್ತು, ಅಯೋವಾ ಯೂನಿವರ್ಸಿಟಿ 2020ರಲ್ಲಿ ಹುಡುಗರ ಟೀಮ್ ತೆಗೀತು.

ಜಯನಗರ ಅಪ್ಪ: ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಈ ಜಗಳ ಎಲ್ಲ. ನಮ್ಮ ಹುಡುಗ್ರು ನಾಲ್ಕೂವರೆಗೆ ಎದ್ದು ಟ್ರಾಫಿಕ್ ಶುರುವಾಗೋಕೆ ಮುಂಚೆ ಪೂಲ್ ಸೇರ್ಬೇಕು.

ಆಸ್ಟಿನ್ ಅಪ್ಪ: ನಮ್ಮ ಮಕ್ಕಳೇನು ಒಂಬತ್ತಕ್ಕೆ ಏಳ್ತಾರಾ ಸಾರ್?

ಕೋಚ್ ಮೇಡಂ: ಜಗಳ ಬೇರೆ ಕಡೆ ಆಡಿ. ಟೀಮ್ ಮುಚ್ಚೋ ಪ್ರಶ್ನೆ ಸರಿಯಾದ್ದು, ಪೂಲ್ ಯಾರ ಖರ್ಚಲ್ಲಿ ನಡಿಯುತ್ತೆ, ಹುಡುಗರ ಟೀಮಿನ ಬಜೆಟ್ ಹೇಗಿದೆ ಅಂತ ಅಥ್ಲೆಟಿಕ್ಸ್ ಆಫೀಸಲ್ಲಿ ನೇರ ಕೇಳಿ. ಆಸ್ಟಿನ್ ಸರ್, ಪ್ರೆಶರ್ ಅನ್ನೋದು ನಂಗೂ ಗೊತ್ತು. ಹೆಸರು ಬರೆದು ತೂಕ ಅಂಟಿಸೋದನ್ನ ಪ್ರೆಶರ್ ಅಂತ ಕರೀಬೇಡಿ.

ನ್ಯೂಜೆರ್ಸಿ ಅಪ್ಪ: ಮಗ 9ನೇ ಕ್ಲಾಸ್, ಕೋಚ್ ಯಾವಾಗ ಮಾತಾಡ್ತಾರೆ?

ಕೋಚ್ ಮೇಡಂ: ಜೂನ್ 15. ಮೇಲೆ ಇದೆ.

ಹೊಸ ಮೆಂಬರ್: ಹಾಯ್, ಈಗ ಜಾಯಿನ್ ಆದೆ. ಕೋಚ್‌ಗಳು ಮೇಲಿಗೆ ಉತ್ತರ ಕೊಡ್ತಿಲ್ಲ, ಏನ್ಮಾಡೋದು?

ಕೋಚ್ ಮೇಡಂ: ಮೇಲೆ ಓದಿ.

ಸಿಯಾಟಲ್ ಅಪ್ಪ: ಒಂದು ಏಜೆನ್ಸಿ 4000 ಡಾಲರ್ ಕೇಳ್ತಿದ್ದಾರೆ, ಡಿವಿಷನ್ ಒನ್ ಗ್ಯಾರಂಟಿ ಅಂತೆ. ಕೊಡಬಹುದಾ?

ಕೋಚ್ ಮೇಡಂ: ಗ್ಯಾರಂಟಿ ಕೊಡೋ ಅಧಿಕಾರ ಕೋಚಿಗೇ ಇಲ್ಲ, ಅಡ್ಮಿಷನ್ ಆಫೀಸ್ ಬೇಡ ಅಂದ್ರೆ ಮುಗೀತು. ಏಜೆನ್ಸಿಗೆ ಎಲ್ಲಿಂದ ಬಂತು?

ಎಡಿಸನ್ ಅಂಕಲ್: *ಫಾರ್ವರ್ಡ್ ಆಗಿದ್ದು* ಒಳ್ಳೆ ಕೋಚ್‌ನ 7 ಲಕ್ಷಣಗಳು 👇

ಕೋಚ್ ಮೇಡಂ: ಅಡ್ಮಿನ್, ಪ್ಲೀಸ್.

ಎಡಿಸನ್ ಅಂಕಲ್: ಒಳ್ಳೇದಕ್ಕೆ ಹಾಕಿದ್ದು. ದೊಡ್ಡವರ ಹತ್ರ ಮಾತಾಡೋ ರೀತಿ ಇದಲ್ಲ.

ಬಾಸ್ಟನ್ ಅಮ್ಮ: ದೊಡ್ಡವರು ಮೊದಲ ಮೆಸೇಜ್ ಓದಿದ್ರೆ ಚೆನ್ನಾಗಿತ್ತು.

ಅಡ್ಮಿನ್: ಅಂಕಲ್ ಅವರನ್ನ ಒಂದು ಗಂಟೆ ಮ್ಯೂಟ್ ಮಾಡಿದೀನಿ, ಬೇಜಾರಾಗಬೇಡಿ.

ಮೈಸೂರು ತಾತ: ಅನ್ನ ಸಾರಿನ ವಿಷಯ ಯಾರೂ ಹೇಳ್ಲಿಲ್ಲ.

ಫ್ರೀಮಾಂಟ್ ಅಮ್ಮ: ಮೇಡಂ, ರೋಸ್ಟರ್ ಎಣಿಸಿದ್ವಿ. ಒಂಬತ್ತು ಜನ ಸೇರಿದ್ರು, ಈಗ ಮೂರು ಇದ್ದಾರೆ. ಬಿಟ್ಟವರಲ್ಲಿ ಒಬ್ಳು ಈಗ ತಾನೇ ಮಗಳಿಗೆ ರಿಪ್ಲೈ ಮಾಡಿದ್ಲು. ಭಾನುವಾರ ಮಧ್ಯಾಹ್ನದಿಂದ ನೀರೂ ಕುಡೀತಿರ್ಲಿಲ್ವಂತೆ, ಸೋಮವಾರ ತೂಕ ಅಂತ. ನಮ್ಮನೆಯವರು ಓದಿದ್ರು, ಏನೂ ಮಾತಾಡ್ತಿಲ್ಲ.

ಕೋಚ್ ಮೇಡಂ: ಪರ್ಸನಲ್ ಮೆಸೇಜಲ್ಲಿ ನನ್ನ ನಂಬರ್ ಹಾಕಿದೀನಿ ಅಕ್ಕಾ. ಬೆಳಿಗ್ಗೆ ಪ್ರಾಕ್ಟೀಸ್ ಎಂಟಕ್ಕೆ ಮುಗಿಯುತ್ತೆ, ಆಮೇಲೆ ಮಾಡಿ, ಮಗಳನ್ನೂ ಕೂರಿಸ್ಕೊಳ್ಳಿ.

ಹೊಸ ಮೆಂಬರ್: ಮೇಲೆ ಎಲ್ಲಿ ಓದೋದು ಮೇಡಂ, 80 ಮೆಸೇಜ್ ಇದೆ.