ಗದಗ ರೋಡು, ಬೈಕು, ಕಿವಿಯಲ್ಲಿ ಹಾಡು: ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ದಿನಾ ಹುಬ್ಬಳ್ಳಿಯಿಂದ ಗದಗಕ್ಕೆ ಬೈಕ್ ಮೇಲೆ ಕೆಲಸಕ್ಕೆ ಹೋಗುತ್ತೇನೆ, ಒಂದು ಕಡೆಗೆ ಸುಮಾರು 60 ಕಿ.ಮೀ. ಅಣ್ಣಿಗೇರಿ ದಾಟಿದ ಮೇಲೆ ರೋಡು ಸೀದಾ, ಎರಡೂ ಬಾಜು ಎರೆಹೊಲ, ಬ್ಯಾಸರ ಆಗುತ್ತದೆ ಅಂತ ಹೆಲ್ಮೆಟ್ ಒಳಗೆ ಇಯರ್‌ಬಡ್ ಹಾಕಿಕೊಂಡು ಹಾಡು ಕೇಳುತ್ತೇನೆ. ಈಗೀಗ ಮನೆಗೆ ಬಂದ ಮೇಲೂ ಅರ್ಧ ತಾಸು ಕಿವಿ ಗುಂಯ್ ಅನ್ನುತ್ತದೆ. ಹಾಡು ಬಿಡಲೇಬೇಕಾ?

ಉತ್ತರ: ಆ ಗುಂಯ್ ಸದ್ದನ್ನು ಹಗುರವಾಗಿ ತಗೋಬೇಡಿ. ಕಿವಿಗೆ ಅವತ್ತು ಹೊರೆ ಜಾಸ್ತಿ ಆಯಿತು ಅಂತ ಅದರ ಅರ್ಥ. ಇವತ್ತು ಅರ್ಧ ತಾಸಿಗೆ ಹೋಗುತ್ತದೆ, ಆದರೆ ದಿನಾ ಹೀಗೇ ಆದರೆ ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲ ಕೋಶಗಳು ಸಾಯುತ್ತವೆ, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಹಾಡಿಗಿಂತ ಮೊದಲು ಗಾಳಿಯ ಮಾತು. 80–90 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಸುತ್ತ ಸುಳಿಯುವ ಗಾಳಿಯ ಸದ್ದೇ ಕಿವಿಯ ಹತ್ತಿರ 90 ಡೆಸಿಬಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಮುಟ್ಟುವುದು ಸಾಮಾನ್ಯ. ನಾವು ಬಳಸುವ ಲೆಕ್ಕದಲ್ಲಿ 85 ಡೆಸಿಬಲ್ ಆದರೆ ದಿನಕ್ಕೆ 8 ತಾಸು ತಡೆಯಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 91ಕ್ಕೆ 2 ತಾಸು, 100ಕ್ಕೆ ಬರೀ 15 ನಿಮಿಷ. ನೀವು ಹೋಗಿ ಬರುವುದಕ್ಕೇ 2 ತಾಸು ಮೀರುತ್ತದೆ, ಅಲ್ವಾ? ಅಂದರೆ ಹಾಡೇ ಇಲ್ಲದೆ ಗಾಳಿಯೊಂದೇ ನಿಮ್ಮ ದಿನದ ಮಿತಿಯನ್ನು ಹೆಚ್ಚುಕಡಿಮೆ ಮುಗಿಸಿಬಿಡುತ್ತದೆ. ಅದರ ಮೇಲೆ ಹಾಡು ಕೇಳಿಸಬೇಕು ಅಂದರೆ ವಾಲ್ಯೂಮ್ ಗಾಳಿಯನ್ನು ಮೀರಿಸಬೇಕು.

ಒಂದು ಸಲ ನೀವೇ ನೋಡಿ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಬೈಕ್ ಆಫ್ ಮಾಡಿ, ಹೆಲ್ಮೆಟ್ ತೆಗೆದು, ವಾಲ್ಯೂಮ್ ಮುಟ್ಟದೆ ಅದೇ ಹಾಡು ಕೇಳಿ. ಹೆಚ್ಚಿನವರು ತಕ್ಷಣ ಬಡ್ ಕಿತ್ತುಕೊಳ್ಳುತ್ತಾರೆ. ಓಡಿಸುವಾಗ ಅಷ್ಟು ಜೋರು ಅಂತ ಗೊತ್ತೇ ಆಗಿರುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ಹಂಗಾದ್ರೆ ಒಂದೇ ಕಿವಿಗೆ ಹಾಕ್ಕೊಂಡ್ರೆ? ನಾನು ಎಡಗಡೆ ಮಾತ್ರ ಹಾಕುತ್ತೇನೆ, ಓವರ್‌ಟೇಕ್ ಮಾಡುವವರು ಬಲಕ್ಕೆ ಬರುತ್ತಾರಲ್ಲ.

ಉತ್ತರ: ಸದ್ದು ಯಾವ ಕಡೆಯಿಂದ ಬಂತು ಅಂತ ಮೆದುಳು ಹೇಳುವುದು ಎರಡು ಕಿವಿಗಳನ್ನು ಹೋಲಿಸಿ. ಒಂದು ಕಿವಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಮೊದಲು ಮುಟ್ಟುತ್ತದೆ, ಸ್ವಲ್ಪ ಜೋರಾಗಿಯೂ ಇರುತ್ತದೆ. ಒಂದು ಕಿವಿ ಮುಚ್ಚಿದರೆ ಹಾರ್ನ್ ಕೇಳಿಸುತ್ತದೆ, ಎಲ್ಲಿಂದ ಅನ್ನುವುದು ತಪ್ಪುತ್ತದೆ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನಲ್ಲಿ ಆಟೋ, ಬಸ್ಸು, ಸ್ಕೂಟಿ ಎಲ್ಲಾ ಕಡೆಯಿಂದ ನುಗ್ಗುವಾಗ ನಮಗೆ ಬೇಕಾದದ್ದು ಅದೇ. ಇನ್ನೊಂದು, ಒಂದೇ ಬಡ್ ಇದ್ದರೆ ಜನ ಅದರ ವಾಲ್ಯೂಮ್ ಇನ್ನೂ ಏರಿಸುತ್ತಾರೆ.

ಪ್ರಶ್ನೆ: ನಾಯ್ಸ್ ಕ್ಯಾನ್ಸಲಿಂಗ್ ಇರೋದು ತಗೊಂಡ್ರೆ ಗಾಳಿ ಸದ್ದು ಹೋಗುತ್ತೆ ಅಂತಾರೆ.

ಉತ್ತರ: ವಿಮಾನದ ಒಳಗಿನ ಒಂದೇ ಸಮನಾದ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗಿನ ಸದ್ದನ್ನು ತನ್ನ ಪುಟ್ಟ ಮೈಕ್‌ನಲ್ಲಿ ಕೇಳಿ, ಉಲ್ಟಾ ಸದ್ದು ಬಿಟ್ಟು ಅದನ್ನು ತಗ್ಗಿಸುತ್ತದೆ. ಗಾಳಿ ಆ ಮೈಕ್ ಮೇಲೆ ನೇರ ಬಡಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಬೈಕಿಗೆ ಬೇಡ.

ನಾನು ಕೊಡುವ ಸಲಹೆ ಕೇಳಿದರೆ ವಿಚಿತ್ರ ಅನಿಸಬಹುದು: ಹೈವೇಯಲ್ಲಿ ಫೋಮ್ ಇಯರ್‌ಪ್ಲಗ್ (ಕಿವಿ ಮುಚ್ಚುವ ಮೆತ್ತನೆ ಬಿರಡೆ) ಹಾಕಿ. ಮೆಡಿಕಲ್ ಶಾಪ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಸೇರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಅದು ಅರಳಿ ಕೂರುತ್ತದೆ. ಹಾರ್ನ್ ಕೇಳಿಸಲ್ಲ ಅಂತ ಹೆದರುತ್ತಾರೆ. ಆ ವೇಗದಲ್ಲಿ ಹಾರ್ನನ್ನು ನುಂಗುವುದು ಗಾಳಿ, ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಜೊತೆಗೇ ತಗ್ಗಿಸುತ್ತದೆ, ಆದ್ದರಿಂದ ಹಾರ್ನ್ ಬೇರೆಯಾಗಿ ಕೇಳಿಸುತ್ತದೆ. ಊರೊಳಗೆ ಬಂದ ಕೂಡಲೇ ತೆಗೆಯಿರಿ, ನಿಧಾನ ಓಡಿಸುವಾಗ ಈ ಲೆಕ್ಕ ನಡೆಯುವುದಿಲ್ಲ.

ಪ್ರಶ್ನೆ: ಹೆಲ್ಮೆಟ್‌ನಲ್ಲಿ ಕೂರಿಸುವ ಸ್ಪೀಕರ್ ಬಂದಿದೆಯಲ್ಲ, ಅದಾದರೂ ನಡೆಯುತ್ತಾ?

ಉತ್ತರ: ಬಡ್‌ಗಿಂತ ಅದು ವಾಸಿ, ಕಿವಿ ಪೂರಾ ಮುಚ್ಚುವುದಿಲ್ಲ, ಬಿದ್ದಾಗ ಕಿವಿಯೊಳಗೆ ಗಟ್ಟಿ ವಸ್ತು ಇರುವುದಿಲ್ಲ. ಆದರೆ ಸ್ಪೀಕರ್ ಕೂರಿಸಲು ಒಳಗಿನ ಥರ್ಮೋಕೋಲ್ ತರದ ಗಟ್ಟಿ ಪದರ ಕೆತ್ತಬೇಡಿ ದಯವಿಟ್ಟು, ತಲೆ ಉಳಿಸುವುದೇ ಅದು. ವಾಲ್ಯೂಮನ್ನು ಬೈಕ್ ನಿಂತಿರುವಾಗಲೇ ಹದವಾಗಿ ಇಟ್ಟುಬಿಡಿ. ವೇಗ ಏರಿ ಹಾಡು ಕೇಳಿಸದಿದ್ದರೆ ಬಿಟ್ಟುಬಿಡಿ, ಏರಿಸಬೇಡಿ. ಹಾಡು ಬದಲಿಸಲು ಫೋನ್ ಕೈಗೆ ತಗೊಂಡರೆ ಅದು ಕಾನೂನಿನ ಪ್ರಕಾರವೂ ತಪ್ಪು: 2019ರ ತಿದ್ದುಪಡಿ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅದನ್ನು ಅಪಾಯಕಾರಿ ಚಾಲನೆ ಅಂತಲೇ ಎಣಿಸುತ್ತದೆ. ಸಂಜೆ ಹೊತ್ತು ಹತ್ತಿ ಹೇರಿಕೊಂಡು ಹಿಂದೆ ಲೈಟ್ ಇಲ್ಲದೆ ಹೋಗುವ ಟ್ರ್ಯಾಕ್ಟರ್ ಎಷ್ಟು ನೋಡಿಲ್ಲ ನಾವು? ಕತ್ತಲಾದ ಮೇಲೆ ಹಾಡು ಪೂರ್ತಿ ಬಂದ್ ಮಾಡಿ.

ಪ್ರಶ್ನೆ (ಮೊದಲು ಕೇಳಿದವರು): ಪ್ಲಗ್ ನಾಳೆಯೇ ತರುತ್ತೇನೆ. ಕಿವಿ ಟೆಸ್ಟ್ ಮಾಡಿಸಲಾ?

ಉತ್ತರ: ಮಾಡಿಸಿ. ಪ್ಯೂರ್ ಟೋನ್ ಆಡಿಯೋಮೆಟ್ರಿ ಅಂತ ಕೇಳಿ, ನೋವಿಲ್ಲ, ಬೀಪ್ ಕೇಳಿಸಿದಾಗ ಬಟನ್ ಒತ್ತುವುದು ಅಷ್ಟೇ. ಸದ್ದಿನ ಪೆಟ್ಟು ಸಾಮಾನ್ಯವಾಗಿ ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದಿನಲ್ಲಿ, ಮಾತು ಕೇಳಿಸುವುದು ಇನ್ನೂ ಚೆನ್ನಾಗಿರುವಾಗಲೇ. ಬೈಕಿಂದ ಇಳಿದು ಸೀದಾ ಬರಬೇಡಿ, ಕಿವಿ ದಣಿದಿದ್ದರೆ ರಿಪೋರ್ಟ್ ಕೆಟ್ಟದಾಗಿ ಬರುತ್ತದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಬನ್ನಿ, ಭಾನುವಾರ ಬೈಕೂ ಬೇಡ, ಇಯರ್‌ಫೋನೂ ಬೇಡ.