ಮುತ್ತಜ್ಜಿ ಎದ್ದು ಕೂತಳು

ಅಮೆರಿಕದಿಂದ ರಜೆಗೆ ಬಂದ ಸೀನ ಪುಟ್ಟ ಡಬ್ಬಿಯೊಂದನ್ನು ಟೀಪಾಯಿ ಮೇಲಿಟ್ಟ. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆ. ಗೆರೆ ಮುಟ್ಟುವ ತನಕ ಉಗಿದು ಕಳಿಸಿದರೆ ನಮ್ಮ ಮೂಲ ಹೇಳುತ್ತಾರಂತೆ.

"ಉಗಿಯೋದಕ್ಕೂ ದುಡ್ಡಾ? ನಮ್ಮನೇಲಿ ದಿನಾ ಪುಕ್ಕಟೆ ಉಗಿಸ್ಕೊಳ್ತೀನಿ" ಅಂದರು ರಾಯರು.

"ನಗಬೇಡಿ ರಾಯರೇ. ನಮ್ಮ ಆಫೀಸಲ್ಲಿ ಒಬ್ಬನ ಮುತ್ತಜ್ಜಿ ಚೆರೋಕಿ ರಾಜಕುಮಾರಿಯಂತೆ. ಚೆರೋಕಿ ಅಂದ್ರೆ ಅಮೆರಿಕದ ಒಂದು ಮೂಲನಿವಾಸಿ ಬುಡಕಟ್ಟು."

"ಅಲ್ವೋ ಸೀನ, ಚೆರೋಕಿಗಳಲ್ಲಿ ರಾಜಮನೆತನವೇ ಇರಲಿಲ್ಲ. ಅಲ್ಲಿ ಯಾರನ್ನ ಕೇಳಿದರೂ ಮುತ್ತಜ್ಜಿ ರಾಜಕುಮಾರೀನೇ. ಮುಸುರೆ ತಿಕ್ಕೋ ಮುತ್ತಜ್ಜಿ ಒಬ್ಬಳಾದರೂ ಬೇಡವಾ?"

ಮಾಲತಿ ಚಕ್ಕುಲಿ ತಂದಿಟ್ಟಳು. "ಅಮೆರಿಕದ ಸೆನೆಟರ್ ಎಲಿಜಬೆತ್ ವಾರೆನ್ ನನಗೂ ಚೆರೋಕಿ ಮೂಲ ಇದೆ ಅಂತಿದ್ದರು, 2018ರಲ್ಲಿ ಇದೇ ಥರ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರಲ್ಲ. ಆರರಿಂದ ಹತ್ತು ತಲೆಮಾರಿನ ಹಿಂದೆ ಯಾರೋ ಒಬ್ಬರು ಮೂಲನಿವಾಸಿ ಇದ್ದಿರಬಹುದು ಅಂತ ಬಂತು."

"ಹತ್ತು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕಕ್ಕೆ 1,024 ಜನ ಹಿರಿಯರು. ಅದರಲ್ಲೊಬ್ಬರು! ಮದುವೆಮನೆ ಕೊಪ್ಪರಿಗೆ ಸಾರಿಗೆ ಒಂದು ಚೂರು ಇಂಗು ಹಾಕಿ ಘಮ್ ಅಂತಿದೆ ಅಂದಹಾಗಾಯ್ತು" ಅಂದರು ರಾಯರು.

ಚೆರೋಕಿಗಳದ್ದೇ ಆಡಳಿತವಾದ ಚೆರೋಕಿ ನೇಷನ್‌ನವರು ಆ ಪರೀಕ್ಷೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಬುಡಕಟ್ಟಿನವರ ಹೆಸರು ಬರೆದಿಟ್ಟ, ಶತಮಾನದ ಹಿಂದಿನ ಡಾಸ್ ಪಟ್ಟಿಯಲ್ಲಿ ನಿಮ್ಮ ಹಿರಿಯರ ಹೆಸರಿದೆಯಾ, ಅಷ್ಟು ಹೇಳಿ ಅಂತಾರೆ ಅವರು.

ರಾಯರಿಗೆ ರೇಗಿತು. "1838ರಲ್ಲಿ ಆ ಜನರನ್ನ ಮನೆಮಠ ಬಿಡಿಸಿ ಒಕ್ಲಹೋಮಾ ಕಡೆ ಅಟ್ಟಿದರು. ಸಾವಿರಾರು ಜನ ಸತ್ತರು. ಆಗ 'ನಾನೂ ಚೆರೋಕಿ, ನನ್ನೂ ಕರ್ಕೊಂಡ್ ಹೋಗಿ' ಅಂತ ಯಾರಾದರೂ ಕ್ಯೂ ನಿಂತರಾ? ಮೂಲನಿವಾಸಿಗಳು ಬೇಕು ಅಂತ ಪ್ರೊಫೆಸರ್ ಕೆಲಸಕ್ಕೆ ಅರ್ಜಿ ಕರೆದ ತಕ್ಷಣ ಮುತ್ತಜ್ಜಿ ಎದ್ದು ಕೂತಳು!"

"ನಮ್ಮಲ್ಲಿ ಸುಳ್ಳು ಜಾತಿ ಸರ್ಟಿಫಿಕೇಟು ಇಲ್ವಾ?" ಅಂದ ಸೀನ.

"ಇದೆ ಮಾರಾಯ. ಆದರೆ ನಮ್ಮವರು ಅದನ್ನ ಬೀರುವಲ್ಲಿ ಬಚ್ಚಿಡ್ತಾರೆ. ತಲೆಗೆ ಗರಿ ಸಿಕ್ಕಿಸಿಕೊಂಡು ಭಾಷಣಕ್ಕೆ ನಿಲ್ಲಲ್ಲ."

"ಕೆನಡಾದಲ್ಲಿ ಒಬ್ಬ ತಾಯಿ ತನ್ನ ಅವಳಿ ಹೆಣ್ಣುಮಕ್ಕಳನ್ನ ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಅಂತ ಸುಳ್ಳೇ ಬರೆಸಿದ್ದಳು" ಅಂದಳು ಮಾಲತಿ. "ಇನ್ಯೂಟ್ ಮಕ್ಕಳಿಗಿದ್ದ ದುಡ್ಡಲ್ಲಿ ಓದಿಸಿದಳು. 2024ರಲ್ಲಿ ಮೂರು ವರ್ಷ ಜೈಲಾಯ್ತು. ಸರಿಯಾಯ್ತು. ಆದರೆ ಬಫಿ ಸೇಂಟ್-ಮೇರಿ ವಿಷಯಕ್ಕೆ ಏನಂತೀರಿ? ಕೆನಡಾದ ಕ್ರೀ ಅನ್ನೋ ಮೂಲನಿವಾಸಿ ಜನಾಂಗದವಳು ಅಂತ ಹೆಸರಾಗಿದ್ದ ಹಾಡುಗಾರ್ತಿ. 2023ರಲ್ಲಿ ಕೆನಡಾದ ಸಿಬಿಸಿ ಟೀವಿಯವರು ಅಮೆರಿಕದ ಮ್ಯಾಸಚೂಸೆಟ್ಸ್‌ನ ಜನನ ಪತ್ರ ತೆಗೆದು, ಹೆತ್ತವರು ಬಿಳಿಯರು ಅಂದರು. ತಾನು ಸುಳ್ಳು ಹೇಳಿಲ್ಲ ಅಂತಾಳೆ ಅವಳು. ಕೊಟ್ಟಿದ್ದ ಆರ್ಡರ್ ಆಫ್ ಕೆನಡಾ ಗೌರವ ವಾಪಸ್ ಹೋಯ್ತು. ಆದರೆ ವಯಸ್ಸಿಗೆ ಬಂದ ಮೇಲೆ ಅವಳನ್ನ ದತ್ತು ತಗೊಂಡ ಕ್ರೀ ಜನಾಂಗದ ಪಯಾಪಾಟ್ ಮನೆಯವರು ಈಗಲೂ ನಮ್ಮವಳೇ ಅಂದರು."

ರಾಯರು ಚಕ್ಕುಲಿ ಮುರಿಯುತ್ತಾ ಕೂತರು. ಬಾಯಿಗೆ ಹಾಕಲಿಲ್ಲ.

"ಅಲ್ಲೇ ಕಣಮ್ಮ ಗಂಟು ಬೀಳೋದು. ನಾನು ಇಂಥವನು ಅಂತ ನಾನೇ ಕೂಗಿದರೆ ಆಗಲ್ಲ, ಊರು ಹೇಳಬೇಕು. ನಮ್ಮೂರ ಜಗಲಿ ಮೇಲೆ ಸಾವಿತ್ರಮ್ಮ ಅಂತ ಇದ್ದರು. ಕಣ್ಣು ಅಷ್ಟಕ್ಕಷ್ಟೇ. ಬಸ್ಸಿಳಿದು ಬಂದರೆ ಗಲ್ಲ ಹಿಡಿದು ತಿರುಗಿಸಿ ನೋಡೋರು. 'ಶಾನುಭೋಗರ ಮೂಗು. ಒಳಗೆ ಬಾ, ಮಜ್ಜಿಗೆ ಕುಡಿ' ಅನ್ನೋರು. ಯಾವ ಕೊಳವೆಗೂ ಉಗಿಯಬೇಕಿರಲಿಲ್ಲ."

"ಈಗ?" ಅಂದ ಸೀನ.

"ಹೋದ ವರ್ಷ ಹೋಗಿದ್ದೆ. ಅದೇ ಜಗಲಿ ಮೇಲೆ ಹುಡುಗ ಮೊಬೈಲ್ ನೋಡ್ತಾ ಕೂತಿದ್ದ. 'ಯಾರು ಬೇಕಿತ್ತು ಸಾರ್?' ಅಂದ. ಪಾಪ, ಮರ್ಯಾದೆಯಿಂದಲೇ ಕೇಳಿದ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ರಾಯರು ಕೊಳವೆ ಎತ್ತಿಕೊಂಡು ಬೆಳಕಿಗೆ ಹಿಡಿದು, "ಗೆರೆ ಎಲ್ಲಿದೆಯೋ ಇದರಲ್ಲಿ?" ಅಂದರು.