ಸಹಾಯ ಬೇಕು: ಖಿನ್ನತೆ ಮಾತ್ರೆ ಜೊತೆ ಯಾವ ಊಟ, ಯಾವ ಸಪ್ಲಿಮೆಂಟ್?

ನಮ್ಮ ಯಜಮಾನರಿಗೆ ಖಿನ್ನತೆ. ನಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದೇವೆ, ಎಸಿಟಲೋಪ್ರಾಮ್ ಅನ್ನೋ ಖಿನ್ನತೆ ಮಾತ್ರೆ ನಡೀತಿದೆ. ಮಾತ್ರೆ ನಿಲ್ಲಿಸುವ ಯೋಚನೆ ಇಲ್ಲ, ಊಟದ ಬಗ್ಗೆ ಮಾತ್ರ ಕೇಳುತ್ತಿದ್ದೇನೆ.

ನಾವು ಸಸ್ಯಾಹಾರಿಗಳು. ಬಿ12, ವಿಟಮಿನ್ ಡಿ ಎರಡೂ ಕಡಿಮೆ ಬಂದಿತ್ತು, ಡಾಕ್ಟರೇ ಬರೆದುಕೊಟ್ಟಿದ್ದಾರೆ. ಒಮೆಗಾ-3 ಸಿಗಲಿ ಅಂತ ಅಗಸೆ ಚಟ್ನಿಪುಡಿ ಮಾಡಿದೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿಕೊಟ್ಟರೂ ಎರಡು ತುತ್ತಿಗೆ ತಟ್ಟೆ ಸರಿಸುತ್ತಾರೆ. ಅಗಸೆಯಿಂದ ದೇಹಕ್ಕೆ ಇಪಿಎ, ಡಿಎಚ್‌ಎ (ದೇಹ ನೇರವಾಗಿ ಬಳಸುವ ಒಮೆಗಾ-3 ಬಗೆಗಳು) ಸಿಗುವುದೂ ತೀರಾ ಕಡಿಮೆ. ಪಾಚಿ ಎಣ್ಣೆಯ ಕ್ಯಾಪ್ಸೂಲ್ ಯಾರಾದರೂ ಬಳಸಿದ್ದೀರಾ? ಜಯನಗರದ ಹತ್ತಿರ ಎಲ್ಲಿ ಸಿಗುತ್ತೆ? ಡಾಕ್ಟರನ್ನು ಕೇಳಿಯೇ ಕೊಡುತ್ತೇನೆ.

ನಾದಿನಿ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಕಳಿಸಿದ್ದಾರೆ. ಈ ಮಾತ್ರೆ ಜೊತೆ ಅದು ಸೇರಿದರೆ ಸೆರೊಟೋನಿನ್ (ಮೆದುಳಿನ ಒಂದು ರಾಸಾಯನಿಕ) ಅಪಾಯವಾಗುವಷ್ಟು ಮಿತಿಮೀರಬಹುದು, ಅದಕ್ಕೇ ಡಬ್ಬಿ ತೆರೆದೇ ಇಲ್ಲ.

ಹಸಿವೇ ಇಲ್ಲ ಅನ್ನುವವರಿಗೆ ಬೆಳಿಗ್ಗೆ ರಾಗಿ ಗಂಜಿ ಬಿಟ್ಟು ಏನು ಕೊಡುತ್ತೀರಿ? ‘ಯೋಗ ಮಾಡಿಸಿ’ ಅನ್ನೋದು ಬೇಡ, ಸಾಕಷ್ಟು ಕೇಳಿಯಾಗಿದೆ.